ಲೋಕಾಸ್ಟ್ ಕಾರಿನ ಹಿಂದಿನ ಶಾಕ್ ಬದಲಿಸಿದ್ದು: ಅಳತೆ ಮೊದಲು, ಖರೀದಿ ಆಮೇಲೆ

ಇಂಗ್ಲೆಂಡಿನಲ್ಲಿ ಮನೆ ಗ್ಯಾರೇಜಿನಲ್ಲೇ ಕಟ್ಟುವ ಎರಡು ಸೀಟಿನ ಪುಟ್ಟ ಕಾರುಗಳಲ್ಲಿ ಹೆಚ್ಚಿನವಕ್ಕೆ ಮೂಲ 1957ರ ಲೋಟಸ್ ಸೆವೆನ್. 1973ರಲ್ಲಿ ಅದರ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದೇ ಮಾದರಿಯಲ್ಲಿ ಚೌಕ ಕೊಳವೆ ವೆಲ್ಡ್ ಮಾಡಿ ಜನ ತಾವೇ ಕಟ್ಟಿಕೊಳ್ಳುವ ಅಗ್ಗದ ಕಾರಿಗೆ ಲೋಕಾಸ್ಟ್ ಎಂಬ ಹೆಸರು ಬಿತ್ತು. ನನ್ನದು ಅಂಥದ್ದೇ. ಹಿಂದೆ ಹಳೆಯ ಫೋರ್ಡ್ ಎಸ್ಕಾರ್ಟ್‌ನ ಇಡೀ ಆಕ್ಸಲ್, ಅದನ್ನು ಹಿಡಿಯಲು ನಾಲ್ಕು ಲಿಂಕು, ಅದು ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೊಂದು ಪ್ಯಾನ್‌ಹಾರ್ಡ್ ರಾಡ್, ಎರಡೂ ಕಡೆ ಸ್ಪ್ರಿಂಗ್ ಸುತ್ತಿದ ಶಾಕ್ (ಶಾಕ್ ಅಬ್ಸಾರ್ಬರ್).

ಇಂಥ ಕಾರಿನ ಹಿಂಭಾಗ ಕುಕ್ಕುತ್ತದೆ, ತಿರುವಿನಲ್ಲಿ ತಗ್ಗು ಸಿಕ್ಕರೆ ಪಕ್ಕಕ್ಕೆ ಎಗರುತ್ತದೆ ಎಂದು ದೂರುವವರು ಬಹಳ. ಕೂಡಲೇ ದುಬಾರಿ ಶಾಕ್ ತರಿಸುತ್ತಾರೆ. ನಾನು ನೋಡಿದಂತೆ ಹೆಚ್ಚಿನ ಸಲ ತಪ್ಪಿರುವುದು ಶಾಕಿನ ಗುಣಮಟ್ಟದಲ್ಲಲ್ಲ, ಅದರ ಉದ್ದದಲ್ಲಿ ಮತ್ತು ಸ್ಪ್ರಿಂಗಿನ ಬಿಗಿಯಲ್ಲಿ. ಚಕ್ರ ಮೇಲೇಳಲು ಜಾಗವೇ ಇಲ್ಲದಿದ್ದರೆ ಎಂಥ ಶಾಕ್ ಹಾಕಿದರೂ ಅದು ಕುಕ್ಕುವುದೇ. ಹಾಗಾಗಿ ಕೊಳ್ಳುವ ಮೊದಲು ತೂಕ ಹಾಕಬೇಕು.

ಪೆಟ್ರೋಲ್ ಅರ್ಧ ಟ್ಯಾಂಕ್, ಚಾಲಕನ ಸೀಟಿನಲ್ಲಿ 75 ಕೆ.ಜಿ. ಮರಳು ಚೀಲ ಇಟ್ಟು ತೂಗಿದಾಗ ನನ್ನ ಕಾರು ಸುಮಾರು 670 ಕೆ.ಜಿ.; ಅದರಲ್ಲಿ ಹಿಂದಿನ ಎರಡು ಚಕ್ರದ ಮೇಲೆ 360. ಈ 360ರಲ್ಲಿ ಸ್ಪ್ರಿಂಗ್ ಹೊರುವುದು ಎಷ್ಟು ಎಂಬುದೇ ನಮಗೆ ಬೇಕಾದ ಲೆಕ್ಕ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಶಾಕ್ ಬಿಚ್ಚಿ, ಚಕ್ರಗಳನ್ನು ಮಾತ್ರ ತಕ್ಕಡಿ ಮೇಲೆ ಇಟ್ಟರೆ ಆಕ್ಸಲ್, ಬ್ರೇಕ್, ಚಕ್ರಗಳ ಪೂರ್ತಿ ಭಾರ, ಜೊತೆಗೆ ಲಿಂಕುಗಳ ಅರ್ಧ ಭಾರ ಸಿಗುತ್ತದೆ: 90 ಕೆ.ಜಿ. ಉಳಿದ 270ರಲ್ಲಿ ಒಂದೊಂದು ಸ್ಪ್ರಿಂಗಿನ ಪಾಲು 135.

ಶಾಕ್ ನೆಟ್ಟಗೆ ನಿಂತಿಲ್ಲ, ಮೇಲ್ತುದಿ ಒಳಕ್ಕೆ 20 ಡಿಗ್ರಿ ವಾಲಿದೆ. ಆದ್ದರಿಂದ ಚಕ್ರ 10 ಮಿ.ಮೀ. ಏರಿದರೆ ಶಾಕ್ ಅದುಮಿಕೊಳ್ಳುವುದು 9.4 ಮಿ.ಮೀ. ಚಕ್ರದ ಬಳಿ ಸಿಗುವ ಬಿಗಿ ಈ ಅನುಪಾತದ ವರ್ಗದಷ್ಟು, ಅಂದರೆ ಸ್ಪ್ರಿಂಗ್ ಬಿಗಿಯ ಶೇ. 88. ಶಾಕ್ ಇನ್ನೂ ವಾಲಿ 40 ಡಿಗ್ರಿಗೆ ಹೋದರೆ ಇದು ಶೇ. 59ಕ್ಕೆ ಇಳಿಯುತ್ತದೆ. ಬೇರೊಬ್ಬರ ಕಾರಿನ ಸ್ಪ್ರಿಂಗ್ ನಂಬರನ್ನು ಹಾಗೇ ಎತ್ತಿಕೊಂಡರೆ ಕೆಡುವುದು ಇದಕ್ಕೇ.

ರಸ್ತೆಯಲ್ಲಿ ಓಡಿಸುವ ಇಂಥ ಹಗುರ ಕಾರಿಗೆ ಹಿಂದೆ ಸೆಕೆಂಡಿಗೆ ಸುಮಾರು 1.8 ಕಂಪನ, ಅಂದರೆ ಸ್ಪ್ರಿಂಗಿನ ಮೇಲೆ ಕಾರು ಅಷ್ಟು ಸಲ ಏರಿಳಿಯುವುದು, ನನಗೆ ಸರಿ ಅನಿಸಿತು. 135 ಕೆ.ಜಿ.ಗೆ ಆ ಲೆಕ್ಕ ಹಾಕಿದರೆ ಚಕ್ರದ ಬಳಿ ಮಿ.ಮೀ.ಗೆ 17 ನ್ಯೂಟನ್ ಬೇಕು. ಅದನ್ನು 0.88ರಿಂದ ಭಾಗಿಸಿದರೆ 19ರ ಆಸುಪಾಸು. ಅಂಗಡಿಯ ಭಾಷೆಯಲ್ಲಿ ಇಂಚಿಗೆ 110 ಪೌಂಡಿನ ಸ್ಪ್ರಿಂಗ್. 140 ಪೌಂಡಿನದು ಹಾಕಿದರೆ ಕಂಪನ 2ಕ್ಕೆ ಏರುತ್ತದೆ. ಟ್ರ್ಯಾಕಿಗೆ ಚೆಂದ, ತೇಪೆ ಹಾಕಿದ ಹಳ್ಳಿ ರಸ್ತೆಗೆ ಅಲ್ಲ. ಬಾಜಾ ಸ್ಪರ್ಧೆಗೆ ಗಾಡಿ ಕಟ್ಟುವ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೂ ಲೆಕ್ಕದ ದಾರಿ ಇದೇ, ಅಂಕಿ ಮಾತ್ರ ಬೇರೆ.

ಇನ್ನು ಉದ್ದ. ನಾನು ಆರಿಸಿದ ಶಾಕ್ ಪೂರ್ತಿ ಬಿಚ್ಚಿಕೊಂಡಾಗ 330 ಮಿ.ಮೀ., ಪೂರ್ತಿ ಮುಚ್ಚಿದಾಗ 230. ಓಡಾಟ 100 ಮಿ.ಮೀ. 110 ಪೌಂಡಿನ ಸ್ಪ್ರಿಂಗ್ ಕಾರಿನ ಭಾರಕ್ಕೇ 73 ಮಿ.ಮೀ. ಅದುಮಿಕೊಳ್ಳುತ್ತದೆ. ಸ್ಪ್ರಿಂಗನ್ನು ಸಡಿಲವಾಗಿ ಸುಮ್ಮನೆ ಕೂರಿಸಿದರೆ ಮೇಲೇಳಲು ಉಳಿಯುವುದು ಬರೀ 27. ಅದೂ ರಬ್ಬರ್ ಸ್ಟಾಪಿನ ಜಾಗವೂ ಸೇರಿ! ಹಿಂದೆ ಕುಕ್ಕುವ ಕಾರುಗಳ ಮರ್ಮ ಇಲ್ಲಿದೆ. ಸ್ಪ್ರಿಂಗಿನ ತಳಕ್ಕೆ ಆಸರೆಯಾಗಿ ಶಾಕಿನ ಮೈಮೇಲಿರುವ ಬಿಲ್ಲೆ ತಿರುಗಿಸಿ ಸ್ಪ್ರಿಂಗನ್ನು ಮೊದಲೇ 30 ಮಿ.ಮೀ. ಅದುಮಿಟ್ಟರೆ ಕಾರು ನಿಂತಾಗ ಶಾಕ್ ಒಳಹೋಗುವುದು 43, ಮೇಲಕ್ಕೆ ಉಳಿಯುವುದು 57. ಪಕ್ಕದಲ್ಲಿ ಒಬ್ಬರು ಕೂತರೆ ಇನ್ನೊಂದು 16 ಮಿ.ಮೀ. ಹೋಗುತ್ತದೆ, ಆದರೂ 41 ಇರುತ್ತದೆ.

ಬಿಲ್ಲೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ. ಕಾರಿನ ಎತ್ತರ ಬದಲಾಗುತ್ತದೆ, ಅಷ್ಟೆ. ಬಿಲ್ಲೆಯನ್ನು ತೀರಾ ಏರಿಸಿದರೆ ಚಕ್ರ ತಗ್ಗಿಗೆ ಇಳಿಯಲು ಜಾಗ ಸಾಲದೆ ಗಾಳಿಯಲ್ಲಿ ನೇತಾಡುತ್ತದೆ, ಅದೂ ಕೆಟ್ಟದ್ದೇ.

ಸ್ಪ್ರಿಂಗಿನ ಉದ್ದಕ್ಕೂ ಲೆಕ್ಕವಿದೆ. ಮೊದಲೇ ಅದುಮಿದ 30, ಓಡಾಟ 100, ಒಟ್ಟು 130. 10 ಇಂಚಿನ, ಅಂದರೆ 254 ಮಿ.ಮೀ. ಸ್ಪ್ರಿಂಗ್ 124 ಮಿ.ಮೀ.ಗೆ ಇಳಿದಾಗಲೂ ಸುರುಳಿಗೆ ಸುರುಳಿ ತಾಗಬಾರದು. ಪೂರ್ತಿ ಕೂಡಿಕೊಂಡಾಗಿನ ಉದ್ದ ಎಷ್ಟೆಂದು ಮಾರುವವರನ್ನು ಕೇಳಿ, ಕನಿಷ್ಠ 10 ಮಿ.ಮೀ. ಅಂತರ ಇಟ್ಟುಕೊಳ್ಳಿ. ಒಳ ವ್ಯಾಸ 1.9 ಇಂಚಿನದೂ ಇದೆ, 2.25 ಇಂಚಿನದೂ ಇದೆ. ಬಿಲ್ಲೆಗೆ ಹೊಂದುವುದನ್ನೇ ತರಬೇಕು.

ಇಷ್ಟಾದ ಮೇಲೆ ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಏರಿಳಿತಕ್ಕೆ ಶಾಕ್ ಕೊಡುವ ತಡೆ. ನನ್ನ ಅಂಕಿಗಳಿಗೆ, ಸೆಕೆಂಡಿಗೆ 0.1 ಮೀಟರ್ ವೇಗದಲ್ಲಿ ಶಾಕ್ ಸರಾಸರಿ 200 ನ್ಯೂಟನ್ ತಡೆ ಕೊಟ್ಟರೆ ಸಾಕು, ಅದುಮುವಾಗ ಕಡಿಮೆ, ಬಿಚ್ಚುವಾಗ ಹೆಚ್ಚು. ಶಾಕ್ ಕಟ್ಟಿಕೊಡುವವರಿಗೆ ಮೇಲಿನ ತೂಕ, ಕೋನ, ಸ್ಪ್ರಿಂಗ್ ಎಲ್ಲವನ್ನೂ ಬರೆದು ಕೊಟ್ಟು ಅವರ ಡೈನೋ ಗ್ರಾಫ್ (ಯಾವ ವೇಗಕ್ಕೆ ಎಷ್ಟು ತಡೆ ಎಂದು ಯಂತ್ರದಲ್ಲಿ ಅಳೆದ ನಕ್ಷೆ) ಕೇಳಿ. ಗ್ರಾಫ್ ಕೊಡಲು ಹಿಂಜರಿಯುವವರ ಬಳಿ ನಾನು ಕೊಳ್ಳುವುದಿಲ್ಲ.

ಕೂರಿಸುವ ಕೆಲಸಕ್ಕೆ ಮುಂದಿನ ಚಕ್ರಕ್ಕೆ ಅಡೆ ಕೊಟ್ಟು, ಹಿಂದೆ ಚಾಸಿಯನ್ನು ಎರಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಕೆಳಗೆ ಬೇರೊಂದು ಟ್ರಾಲಿ ಜಾಕ್ ಇಡಿ. ಹಳೆಯ ಶಾಕ್ ಬಿಚ್ಚಿದೊಡನೆ ಆಕ್ಸಲ್ ಜೋತುಬಿದ್ದು ಬ್ರೇಕ್ ಹೋಸನ್ನು ಎಳೆಯುತ್ತದೆ, ಜಾಕ್ ಅದಕ್ಕೆ. ಹೊಸ ಶಾಕನ್ನು ಮೊದಲು ಸ್ಪ್ರಿಂಗ್ ಇಲ್ಲದೆ ಹಾಕಿ. ಜಾಕಿನಿಂದ ಆಕ್ಸಲನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ, ಆಮೇಲೆ ಒಂದೇ ಬದಿ ಎತ್ತಿ ನೋಡಿ. ಮೇಲೆ ಹೋದಾಗ ಟೈರು ಮಡ್‌ಗಾರ್ಡಿಗೆ, ಪ್ರೊಪೆಲ್ಲರ್ ಶಾಫ್ಟ್ ಟನೆಲಿಗೆ, ಡಿಫರೆನ್ಷಿಯಲ್ ಚಾಸಿ ಕೊಳವೆಗೆ ತಾಗಬಾರದು. ಕೆಳಗೆ ಹೋದಾಗ ಬ್ರೇಕ್ ಹೋಸು, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯಾಗಬಾರದು. ಹಳೆಯದಕ್ಕಿಂತ ಉದ್ದದ ಶಾಕ್ ಹಾಕಿದವರು ಇದನ್ನು ಬಿಡಲೇಬಾರದು, ಏಕೆಂದರೆ ಆಕ್ಸಲ್ ಎಷ್ಟು ಇಳಿಯಬೇಕೆಂದು ತಡೆಯುವುದು ಶಾಕೇ.

ಬೋಲ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಶಾಕಿನ ಬುಷ್ ಒಳಗಿನ ಕೊಳವೆ ಅರ್ಧ ಇಂಚಿನದಾಗಿದ್ದು ಬೋಲ್ಟ್ 12 ಮಿ.ಮೀ. ಆಗಿದ್ದರೆ ನಡುವೆ 0.7 ಮಿ.ಮೀ. ಸಡಿಲ. ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತೇ ಆಗುವುದಿಲ್ಲ, ರಸ್ತೆಯಲ್ಲಿ ಪ್ರತಿ ತಗ್ಗಿಗೂ ಟಕ್ ಎನ್ನುತ್ತದೆ, ವರ್ಷದೊಳಗೆ ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅಳತೆಗೆ ಸರಿಯಾದ ಬೋಲ್ಟ್ ತರಬೇಕು, ಇಲ್ಲವೇ ತೆಳು ಸ್ಲೀವ್ ಹಾಕಬೇಕು. ಬೋಲ್ಟಿನ ಬಲದ ದರ್ಜೆ 8.8 ಸಾಕು. ಬ್ರಾಕೆಟ್ಟಿನ ಎರಡೂ ಗೋಡೆಯೊಳಗೆ ಬೋಲ್ಟಿನ ನುಣುಪು ಭಾಗ ಇರಲಿ, ಮರೆ (ಥ್ರೆಡ್) ಅಲ್ಲ. ಉದ್ದ ಹೆಚ್ಚಾದರೆ ವಾಷರ್ ಹಾಕಿ. 12 ಮಿ.ಮೀ. ಬೋಲ್ಟಿಗೆ ನಾನು 80 ನ್ಯೂಟನ್ ಮೀಟರ್ ಬಿಗಿ ಕೊಟ್ಟೆ, ನೈಲಾಕ್ ನಟ್ (ಸಡಿಲವಾಗದಂತೆ ನೈಲಾನ್ ಉಂಗುರ ಇರುವುದು) ಹೊಸದು. ರಬ್ಬರ್ ಬುಷ್ ಇದ್ದರೆ ಕಾರು ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. ಜೋತುಬಿದ್ದಾಗಲೇ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಅವಳಿ ಕೊಳವೆಯ ಶಾಕ್ ಆದರೆ ತಲೆಕೆಳಗಾಗಿ ಹಾಕುವಂತಿಲ್ಲ. ಶಾಕಿನ ತಡೆಯನ್ನು ಹಂತಹಂತವಾಗಿ ಬದಲಿಸುವ ಕ್ಲಿಕ್ ಗುಂಡಿ ಕೈಗೆ ಸಿಗುವ ಕಡೆಗಿರಲಿ, ಹ್ಯಾಂಡ್ ಬ್ರೇಕ್ ಕೇಬಲಿಗೆ ಉಜ್ಜದಿರಲಿ. ಬಿಲ್ಲೆಯ ಮರೆ ಅಲ್ಯೂಮಿನಿಯಂನದು. ಮಣ್ಣಿದ್ದಾಗ, ಭಾರವಿದ್ದಾಗ ತಿರುಗಿಸಿದರೆ ಕಚ್ಚಿಕೊಂಡು ಕೂರುತ್ತದೆ. ಬ್ರಷ್‌ನಿಂದ ಒರೆಸಿ, ಚಕ್ರ ಎತ್ತಿ, ಆಮೇಲೆ ಸ್ಪ್ಯಾನರ್ ಹಾಕಿ.

ಎತ್ತರ ಕೂಡಿಸುವುದು ಮರಳು ಚೀಲ ಸೀಟಿನಲ್ಲಿದ್ದಾಗಲೇ. ಬಿಲ್ಲೆ ತಿರುಗಿಸಿದ ಪ್ರತಿ ಸಲ ಕಾರನ್ನು ಹಿಂದೆ ಮುಂದೆ ಕೆಲವು ಮೀಟರ್ ತಳ್ಳಬೇಕು, ಇಲ್ಲದಿದ್ದರೆ ಟೈರು ನೆಲ ಕಚ್ಚಿಕೊಂಡು ಸುಳ್ಳು ಎತ್ತರ ತೋರಿಸುತ್ತದೆ. ನಾಲ್ಕು ತಕ್ಕಡಿ ಸಿಕ್ಕರೆ ಕರ್ಣದ ತೂಕ ನೋಡಿ: ಮುಂದಿನ ಎಡ, ಹಿಂದಿನ ಬಲ ಕೂಡಿಸಿದರೆ ಒಟ್ಟಿನ ಅರ್ಧ ಬರಬೇಕು. ಹಿಂದಿನ ಎಡ ಬಿಲ್ಲೆ ಏರಿಸಿದರೆ ಹಿಂದಿನ ಎಡ ಮತ್ತು ಮುಂದಿನ ಬಲ ಎರಡರ ಮೇಲೂ ಭಾರ ಹೆಚ್ಚುತ್ತದೆ. ತಕ್ಕಡಿಗಳೆಲ್ಲ ಒಂದೇ ಮಟ್ಟದಲ್ಲಿರುವುದು ಮುಖ್ಯ. ತಗ್ಗಿರುವ ಕಡೆ ತೆಳು ತಗಡು ಅಡಿಗಿಟ್ಟು ಮಟ್ಟ ಮಾಡಿಕೊಂಡೆ.

ಓಡಿಸಿ ನೋಡುವ ಮೊದಲು ಶಾಕಿನ ಹೊಳೆಯುವ ದಂಡಕ್ಕೆ ಸಣ್ಣ ಕೇಬಲ್ ಟೈ ಸುತ್ತಿ ಮೈಗೆ ತಾಗಿಸಿ ಇಡಿ. ಶಾಕ್ ಒಳಹೋದಷ್ಟೂ ಅದನ್ನು ದೂಡಿಕೊಂಡು ಹೋಗುತ್ತದೆ, ಅತಿ ಹೆಚ್ಚು ಅದುಮಿದ ಗುರುತು ಅಲ್ಲೇ ಉಳಿಯುತ್ತದೆ. ಇಷ್ಟು ಅಗ್ಗದ, ಇಷ್ಟು ಸತ್ಯ ಹೇಳುವ ಸಾಧನ ಇನ್ನೊಂದಿಲ್ಲ. ಟೈ ಪ್ರತಿ ಸಲ ರಬ್ಬರ್ ಸ್ಟಾಪಿಗೆ ಒತ್ತಿಕೊಂಡಿದ್ದರೆ ಕಾರನ್ನು ಸ್ವಲ್ಪ ಏರಿಸಿ, ಅಥವಾ ಸ್ಪ್ರಿಂಗ್ ಒಂದು ಹಂತ ಮೇಲಿನದು ಹಾಕಿ. ಸ್ಟಾಪನ್ನೇ ಕಿತ್ತು ಜಾಗ ಮಾಡಿಕೊಳ್ಳಬೇಡಿ. ಲೋಹಕ್ಕೆ ಲೋಹ ಬಡಿದು ದಂಡವೋ ಮೇಲಿನ ಕಣ್ಣೋ ಮುರಿಯುತ್ತದೆ.

ಕ್ಲಿಕ್ಕುಗಳನ್ನು ಪೂರ್ತಿ ಮೃದುವಿನಿಂದ ಮೂರನೇ ಒಂದು ಭಾಗಕ್ಕೆ ಇಟ್ಟು ಶುರು ಮಾಡಿ, ಪರಿಚಯದ ಒಂದೇ ರಸ್ತೆಯಲ್ಲಿ, ಸಲಕ್ಕೆ ಎರಡೆರಡು ಕ್ಲಿಕ್, ಎರಡೂ ಬದಿ ಸಮ. ದಿಣ್ಣೆ ದಾಟಿದ ಮೇಲೆ ಹಿಂಭಾಗ ಇನ್ನೊಮ್ಮೆ ತೂಗಾಡಿದರೆ ಶಾಕಿನ ಬಿಗಿ ಸಾಲದು. ಸಾಲಾಗಿ ತಗ್ಗು ಬಂದಾಗ ಕಾರು ಇಳಿಯುತ್ತಾ ಇಳಿಯುತ್ತಾ ಗಡುಸಾದರೆ ಬಿಗಿ ಹೆಚ್ಚಾಗಿದೆ, ಶಾಕ್ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ತಗ್ಗು ಬರುತ್ತಿದೆ. ಒಂದೇ ಗುಂಡಿಯ ಬಹುಪಾಲು ಶಾಕುಗಳಲ್ಲಿ ಆ ಗುಂಡಿ ಬಿಚ್ಚುವ ಕಡೆಯ ತಡೆಯನ್ನೇ ಹೆಚ್ಚು ಬದಲಿಸುತ್ತದೆ, ಆದ್ದರಿಂದ ಕುಕ್ಕುವುದನ್ನು ಕ್ಲಿಕ್‌ನಿಂದ ಗುಣಪಡಿಸಲು ಹೋಗಬೇಡಿ.

ನೂರಿನ್ನೂರು ಕಿ.ಮೀ. ಆದ ಮೇಲೆ ಬೋಲ್ಟಿನ ಟಾರ್ಕ್, ಬಿಲ್ಲೆಯ ಲಾಕ್ ರಿಂಗ್, ದಂಡದ ಸುತ್ತ ಎಣ್ಣೆ ಜಿನುಗಿದೆಯೇ ಎಂದು ನೋಡಿ. ಎಣ್ಣೆ ಜೋರಾಗಿ ಸೋರುವ ಶಾಕ್ ಬ್ರಿಟನ್ನಿನ ಎಂಒಟಿ ವಾಹನ ತಪಾಸಣೆಯಲ್ಲೂ ಸಿಕ್ಕಿಬೀಳುತ್ತದೆ. ಹಿಂಭಾಗದ ಎತ್ತರ ಬದಲಾಗಿದ್ದರೆ ಹೆಡ್‌ಲೈಟಿನ ಬೆಳಕೂ ಮೇಲೆ ಕೆಳಗೆ ಆಗಿರುತ್ತದೆ, ಅದನ್ನು ಮತ್ತೆ ಕೂಡಿಸಿ. ವಿಮೆಯವರಿಗೂ ಬದಲಾವಣೆ ತಿಳಿಸಿ.