ತವರಿನ ಗದ್ದಲದಿಂದ ತಂಡಕ್ಕೆಷ್ಟು ಲಾಭ? ಲೆಕ್ಕ ಹಾಕುವ ಬಗೆ

ಕಂಠೀರವ ತುಂಬಿ ತುಳುಕಿದ ಸಂಜೆ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಗೆದ್ದರೆ ‘ಜನಾನೇ ಗೆಲ್ಲಿಸಿದ್ರು’ ಅನ್ನೋದು ವಾಡಿಕೆ. ಹೌದೋ ಅಲ್ಲವೋ ನೋಡಲು ಒಂದು ಎಕ್ಸೆಲ್ ಹಾಳೆ ಸಾಕು.

ಪಂದ್ಯಕ್ಕೊಂದು ಸಾಲು. ಎದುರಾಳಿ, ತವರೋ ಹೊರಗೋ, ಪ್ರೇಕ್ಷಕರ ಸಂಖ್ಯೆ, ಪಾಯಿಂಟ್, ಎರಡೂ ಕಡೆಯ ಫೌಲ್, ಹಳದಿ ಕಾರ್ಡ್, ಇಂಜುರಿ ಟೈಮ್ (ಪೋಲಾದ ಹೊತ್ತಿಗೆ ರೆಫರಿ ಕೊನೆಯಲ್ಲಿ ಸೇರಿಸುವ ನಿಮಿಷಗಳು): ಇಷ್ಟು ಕಾಲಂ ಇರಲಿ. ಪ್ರೇಕ್ಷಕರ ಸಂಖ್ಯೆಯನ್ನು ಸೀಟುಗಳ ಸಂಖ್ಯೆಯಿಂದ ಭಾಗಿಸಿ. 20,000 ಜನ ಕೂತರೆ ಕಂಠೀರವ ಗಿಜಿಗುಡುತ್ತದೆ, ಅದಕ್ಕಿಂತ ಬಹಳ ದೊಡ್ಡದಾದ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ ಬಿಕೋ ಎನ್ನುತ್ತದೆ.

ಲೀಗಿನ ತವರು ತಂಡಗಳೆಲ್ಲ ಗಳಿಸಿದ ಪಾಯಿಂಟನ್ನು ಕೂಡಿಸಿ, ಎರಡೂ ಕಡೆಯವರು ಹಂಚಿಕೊಂಡ ಒಟ್ಟು ಪಾಯಿಂಟಿನಿಂದ ಭಾಗಿಸಿ. ಶೇ 50 ಬಂದರೆ ತವರಿನ ಲಾಭ ಸೊನ್ನೆ. ಒಂದೇ ತಂಡ ನೋಡುವುದಾದರೆ, ಪ್ರತಿ ಎದುರಾಳಿಯ ವಿರುದ್ಧ ಇಲ್ಲಿ ಸಿಕ್ಕ ಪಾಯಿಂಟಿನಿಂದ ಅಲ್ಲಿ ಸಿಕ್ಕದ್ದನ್ನು ಕಳೆಯಿರಿ. ಎದುರಾಳಿಯ ಬಲಾಬಲದ ತಕರಾರು ಬಹುಪಾಲು ತೀರುತ್ತದೆ.

ಜನ ಬಂದದ್ದಕ್ಕೆ ತಂಡ ಗೆದ್ದಿತೋ, ತಂಡ ಗೆಲ್ಲುತ್ತಿತ್ತೆಂದು ಜನ ಬಂದರೋ? ಹೆಚ್ಚಿನವರ ಲೆಕ್ಕ ಕೆಡುವುದು ಇಲ್ಲೇ. ಇನ್ನು, ಬಂದವರೆಲ್ಲ ನಮ್ಮವರೇ ಆಗಿರಬೇಕಿಲ್ಲ. ಕೇರಳ ಬ್ಲಾಸ್ಟರ್ಸ್ ಬಂದ ದಿನ ವೆಸ್ಟ್ ಬ್ಲಾಕಿನಲ್ಲಿ ಕೂರುವ ಬೆಂಗಳೂರು ಅಭಿಮಾನಿಗಳ ನೀಲಿಗೆ ಎದುರಾಗಿ ಹಳದಿ ಜೆರ್ಸಿಗಳ ಸಾಲೇ ಇರುತ್ತದೆ; ಚಿನ್ನಸ್ವಾಮಿಗೆ ಸಿಎಸ್‌ಕೆ ಬಂದಾಗಲೂ ಅದೇ ಹಳದಿ. ಅಂಥ ಪಂದ್ಯಗಳಿಗೆ ಬೇರೆ ಗುರುತು ಹಾಕಿ.

ಆತುರ ಬೇಡ. 50ನ್ನು ಪಂದ್ಯಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ, ಗೆಲುವಿನ ಶೇಕಡಾವಾರು ಬರೀ ಅದೃಷ್ಟದಿಂದ ಎಷ್ಟು ಆಚೀಚೆ ಆಗಬಹುದೆಂದು ಅಂದಾಜು ಸಿಗುತ್ತದೆ: 10 ಪಂದ್ಯಕ್ಕೆ 16, 100ಕ್ಕೆ 5, 400ಕ್ಕೆ 2.5. 2025ರ ಐಪಿಎಲ್ ಲೀಗ್ ಹಂತದಲ್ಲಿ ಆರ್‌ಸಿಬಿ ಚಿನ್ನಸ್ವಾಮಿಯಲ್ಲಿ 2 ಗೆದ್ದು 3 ಸೋತಿತು, ಎದುರಾಳಿಗಳ ಅಂಗಳದಲ್ಲಿ ಏಳಕ್ಕೆ ಏಳೂ ಗೆದ್ದಿತು. ಇಷ್ಟಕ್ಕೇ ನಮ್ಮ ಜನರ ಕೂಗು ಅಪಶಕುನ ಅನ್ನಲಾದೀತೇ?

ಹೋಲಿಕೆಗೆ ಕೋವಿಡ್ ಕಾಲದ ಪಂದ್ಯಗಳಿವೆ. 2020ರ ಮೇ 16ರಂದು ಮತ್ತೆ ಶುರುವಾದ ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾದಲ್ಲಿ ತವರು ಅಂಗಳ, ಪ್ರಯಾಣ ಎರಡೂ ಇದ್ದವು, ಜನ ಮಾತ್ರ ಇರಲಿಲ್ಲ. ನಮ್ಮ ಫುಟ್‌ಬಾಲ್ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2020–21ರಲ್ಲಿ ಪೂರ್ತಿ ಗೋವಾದಲ್ಲೇ ನಡೆದದ್ದರಿಂದ ಅಲ್ಲಿ ‘ತವರು’ ಕಾಗದದ ಮೇಲಷ್ಟೇ. ಗದ್ದಲದ ಪಾಲು ತಿಳಿಯಲು ಮೊದಲನೆಯದನ್ನೇ ಬಳಸಿ. ಎರಡನೆಯದರಲ್ಲಿ ಪ್ರಯಾಣ, ಮೈದಾನದ ಪರಿಚಯ ಎಲ್ಲ ಒಟ್ಟಿಗೇ ಮಾಯವಾಗಿವೆ.

ಗೋಲಿಗಿಂತ ರೆಫರಿಯ ಸೀಟಿಯನ್ನು ನೋಡುವುದೇ ಮೇಲು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ರೆಫರಿಗಳಿಗೆ ಒಂದೇ ಪಂದ್ಯದ 47 ಘರ್ಷಣೆಗಳನ್ನು ವಿಡಿಯೊದಲ್ಲಿ ತೋರಿಸಿದ್ದರು, ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿಸಿಕೊಂಡವರು ತವರು ತಂಡದ ಮೇಲೆ ಹಾಕಿದ ಫೌಲ್ ಸುಮಾರು ಶೇ 15ರಷ್ಟು ಕಡಿಮೆ. ಎದುರಾಳಿಯ ಮೇಲಿನ ಫೌಲ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಾಗಿ ಎರಡನ್ನೂ ಒಟ್ಟು ಮಾಡದೆ ಬೇರೆ ಬೇರೆ ಬರೆಯಿರಿ. ಇಂಜುರಿ ಟೈಮನ್ನೂ ಎರಡು ಪಾಲು ಮಾಡಿ: ತವರು ತಂಡ ಒಂದು ಗೋಲು ಮುಂದಿದ್ದಾಗ ಎಷ್ಟು, ಹಿಂದಿದ್ದಾಗ ಎಷ್ಟು. ಗದ್ದಲಕ್ಕೆ ರೆಫರಿ ಮಣಿದಿದ್ದರೆ ಈ ಎರಡರ ನಡುವಿನ ಅಂತರದಲ್ಲಿ ಕಾಣಬೇಕು.

ಕ್ರಿಕೆಟ್‌ಗೆ ಇದೇ ಹಾಳೆ ನಡೆಯದು. ಅಂಪೈರ್ ತೀರ್ಪನ್ನು ತಂತ್ರಜ್ಞಾನದ ನೆರವಿನಿಂದ ಮರುಪರಿಶೀಲಿಸುವ ಡಿಆರ್‌ಎಸ್ ಬಂದ ಮೇಲೆ ಅಂಪೈರ್ ಮೇಲಿನ ಒತ್ತಡ ಲೆಕ್ಕಕ್ಕೆ ಸಿಗುವುದು ಕಷ್ಟ. ಜೊತೆಗೆ ಟಾಸ್, ಇಬ್ಬನಿ, ಪಿಚ್‌ಗೆ ತಲಾ ಒಂದು ಕಾಲಂ ಬೇಕು. ಚಿನ್ನಸ್ವಾಮಿಯ ಸಣ್ಣ ಬೌಂಡರಿಯಂತೂ ಬಂದ ಅತಿಥಿಗೂ ಅಷ್ಟೇ ಸಣ್ಣದು.