ಅಗಲ ಟೈರ್, ಕಮ್ಮಿ ಗಾಳಿ: ಮೈಸೂರಿಂದ ಊರಿಗೆ ಸೈಕಲ್ ತುಳಿದ ಅನುಭವ

ಮೈಸೂರಿನ ನನ್ನ ಮನೆಯಿಂದ ಪಾಂಡವಪುರದ ಆಚೆ ಇರುವ ನಮ್ಮೂರಿಗೆ 34 ಕಿ.ಮೀ. ತಿಂಗಳಿಗೆ ಎರಡು ಮೂರು ಭಾನುವಾರ ಸೈಕಲ್‌ನಲ್ಲೇ ಹೋಗಿ, ಸಂಜೆ ಸೈಕಲ್‌ನಲ್ಲೇ ವಾಪಸ್ ಬರುತ್ತೇನೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಅಮ್ಮ ರೊಟ್ಟಿ ತಟ್ಟುವ ಹೊತ್ತಿಗೆ ಊರು ಸೇರಬಹುದು.

34 ಕಿ.ಮೀ. ಅಂದರೂ ಅದು ಒಂದೇ ರಸ್ತೆ ಅಲ್ಲ. ಊರೊಳಗಿನ ಡಾಂಬರು, ಅದರ ಮೇಲೆ ಹೆಜ್ಜೆಗೊಂದು ಹಂಪ್ಸ್. ಸಿದ್ದಲಿಂಗಪುರ, ಕಳಸ್ತವಾಡಿ ದಾಟಿ ಶ್ರೀರಂಗಪಟ್ಟಣದವರೆಗೆ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆ. 2023ರ ಆಗಸ್ಟ್‌ನಿಂದ ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಸೈಕಲ್ ಬಿಡುವುದಿಲ್ಲ, ಹಾಗಾಗಿ ನಮ್ಮ ಪಾಲಿಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಮರಳು, ಕಿತ್ತ ಜಲ್ಲಿ, ಚರಂಡಿ ಮುಚ್ಚಳ ಎಲ್ಲವೂ ಸಿಗುತ್ತವೆ. ಕಿರಂಗೂರಿನಿಂದ ಪಾಂಡವಪುರದ ಕಡೆ ತಿರುಗಿದರೆ ಕಬ್ಬಿನ ಟ್ರ್ಯಾಕ್ಟರ್‌ಗಳ ರಸ್ತೆ. ಕೊನೆಯ 7 ಕಿ.ಮೀ. ನಾಲೆ ಏರಿ: ಕೆಮ್ಮಣ್ಣು, ಉರುಟು ಕಲ್ಲು, ಟ್ರ್ಯಾಕ್ಟರ್ ಚಕ್ರ ಕೊರೆದ ಎರಡು ಗಾಡಿ ಜಾಡು.

ಈ ದಾರಿಯಲ್ಲಿ ನಾನು ಮೊದಲ ಎರಡು ವರ್ಷ ತುಳಿದದ್ದು 25 ಮಿ.ಮೀ. ಟೈರ್‌ನ ರೋಡ್ ಬೈಕ್, ಅಂದರೆ ತೆಳ್ಳನೆ ಟೈರ್‌ನ ರೇಸ್ ಸೈಕಲ್. ಗಾಳಿ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ತೆಳ್ಳಗಿದ್ದಷ್ಟೂ, ಗಟ್ಟಿ ಇದ್ದಷ್ಟೂ ಓಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಶ್ರೀರಂಗಪಟ್ಟಣ ತಲುಪುವಷ್ಟರಲ್ಲಿ ಎರಡೂ ಕೈಯ ಕಿರುಬೆರಳು ಜೋಮು ಹಿಡಿಯುತ್ತಿದ್ದವು. ಒಂದು ಸಂಜೆ ನಾಲೆ ಏರಿಯ ಮೇಲೆ, ಸಡಿಲ ಜಲ್ಲಿಯಲ್ಲಿ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಾರಿತು. ಬಿದ್ದದ್ದು ಗದ್ದೆ ಕಡೆಗೆ. ಮೊಣಕೈ ತರಚಿತು, ಅಷ್ಟೇ. ಇನ್ನೊಂದು ಕಡೆಗೆ ಬಿದ್ದಿದ್ದರೆ ತುಂಬಿ ಹರಿಯುವ ನಾಲೆ, ತಡೆಗೋಡೆ ಇಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುವಾರ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ನಿಂತಿದ್ದ ಅಪ್ಪನ ಕರಿ ಸೈಕಲ್ ಕಣ್ಣಿಗೆ ಬಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಕೂತ ನಾನು, ಎಲ್ಲವನ್ನೂ ಇದೇ ಏರಿಯ ಮೇಲೆ ಹೊತ್ತು ತಿರುಗಿದ ಸೈಕಲ್. ಟೈರ್ ಪಕ್ಕದ ಧೂಳು ಒರೆಸಿ ಓದಿದೆ: 28 × 1½. ಕೆಳಗೆ ಸಣ್ಣ ಅಕ್ಷರದಲ್ಲಿ 40-635. ಅಂದರೆ 40 ಮಿ.ಮೀ. ಅಗಲ! ಈ ನೆಲಕ್ಕೆ ಎಂಥ ಟೈರ್ ಬೇಕು ಅನ್ನೋದು ನಮ್ಮ ಮನೆಯ ಕೊಟ್ಟಿಗೆಯಲ್ಲೇ ಬರೆದಿತ್ತು.

ಆಮೇಲೆ ಓದುತ್ತಾ ಹೋದೆ. ಗಾಳಿ ತುಂಬಿದ ಟೈರ್‌ಗೆ ಜಾನ್ ಬಾಯ್ಡ್ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಆತ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ, ಅದನ್ನು ಮೊದಲು ಮಾಡಿದ್ದು ಮಗನ ಮೂರು ಚಕ್ರದ ಸೈಕಲ್‌ಗೆ. ಟೈರ್ ಒಳಗೆ ಗಾಳಿ ಬಂದದ್ದೇ ನೆಲದ ಕುಲುಕಾಟ ಮೈಗೆ ತಟ್ಟಬಾರದು ಅಂತ. ನಾನು ಅದೇ ಗಾಳಿಯನ್ನು ಕಲ್ಲಾಗುವಷ್ಟು ಒತ್ತಿ ತುಂಬಿ, ಆ ಕುಲುಕಾಟವನ್ನು ವಾಪಸ್ ತರಿಸಿಕೊಂಡಿದ್ದೆ.

ರೋಡ್ ಬೈಕಿನ ಬ್ರೇಕ್ ಕೆಳಗೆ 28 ಮಿ.ಮೀ.ಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಅದನ್ನು ಮಾರಿ ಡಿಸ್ಕ್ ಬ್ರೇಕ್‌ನ ಒಂದು ಹೈಬ್ರಿಡ್ (ರೋಡ್ ಬೈಕ್‌ಗೂ ಮೌಂಟನ್ ಬೈಕ್‌ಗೂ ನಡುವಿನ ಸೈಕಲ್) ತಗೊಂಡೆ. ಜೊತೆಗೆ ಬಂದದ್ದು 35 ಮಿ.ಮೀ. ಟೈರ್. ಅದರಲ್ಲೇ ಅರ್ಧ ಕಷ್ಟ ಕಳೆಯಿತು. ಆದರೆ ಆಸೆ ಜಾಸ್ತಿಯಾಗಿ, ಅಳತೆ ನೋಡದೆ 47 ಮಿ.ಮೀ. ಟೈರ್ ತರಿಸಿದೆ. ತಪ್ಪಾಗಿದ್ದು ಅಲ್ಲೇ. ಚಕ್ರ ತಿರುಗಿತು ನಿಜ, ಆದರೆ ಹಿಂದೆ ಫ್ರೇಮ್‌ಗೂ ಟೈರ್‌ಗೂ ನಡುವೆ ಒಂದು ಅಂಚೆ ಕಾರ್ಡ್ ತೂರುವಷ್ಟೇ ಜಾಗ. ಮೊದಲ ಮಳೆಗೆ ಏರಿಯ ಜಿಗುಟು ಮಣ್ಣು ಆ ಸಂದಿಯಲ್ಲಿ ಕಟ್ಟಿಕೊಂಡು ಚಕ್ರವೇ ನಿಂತುಹೋಯಿತು. ಕಡ್ಡಿಯಲ್ಲಿ ಮಣ್ಣು ಕೆರೆದು ಕೆರೆದು ಎರಡು ಕಿ.ಮೀ. ತಳ್ಳಿಕೊಂಡು ಹೋದೆ. ಕೆರೆದ ಮೇಲೆ ನೋಡಿದರೆ ಫ್ರೇಮ್‌ನ ಬಣ್ಣವೂ ಅಲ್ಲಿ ಸವೆದಿತ್ತು.

ಹಾಗಾಗಿ ಟೈರ್ ಕೊಳ್ಳುವ ಮೊದಲು ಈಗ ಅಳೆಯುತ್ತೇನೆ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಒಳಗೆ, ಹಿಂದಿನ ಚಕ್ರದ ಎರಡು ಪಕ್ಕದ ಫ್ರೇಮ್ ಕೊಳವೆಗಳ (ಚೈನ್‌ಸ್ಟೇ) ನಡುವೆ, ಮಡ್‌ಗಾರ್ಡ್ ಇದ್ದರೆ ಅದರ ಕೆಳಗೆ. ಎರಡೂ ಪಕ್ಕ ಕನಿಷ್ಠ 5 ಮಿ.ಮೀ. ಬಿಡುವು ಬೇಕು, ಮಳೆಗಾಲದಲ್ಲೂ ತುಳಿಯುವವರಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. ಟೈರ್ ಮೇಲೆ ಬರೆದ ಅಗಲವನ್ನು ಪೂರ್ತಿ ನಂಬಬೇಡಿ. ಕಿರಿದಾದ ರಿಮ್‌ಗೆ ಹಾಕಿದರೆ ಅದೇ ಟೈರ್ ಒಂದೆರಡು ಮಿ.ಮೀ. ಕಮ್ಮಿ ಅಗಲ ಆಗುತ್ತದೆ, ಅಗಲ ರಿಮ್‌ನಲ್ಲಿ ಹಿಗ್ಗುತ್ತದೆ. ನನ್ನ ಸೈಕಲ್‌ಗೆ ಕೊನೆಗೆ ಸರಿಹೋದದ್ದು 40.

ಸೈಜ್ ಬಗ್ಗೆ ಇನ್ನೊಂದು ಮಾತು, ಇದರಲ್ಲಿ ತುಂಬಾ ಜನ ಎಡವುತ್ತಾರೆ. ನನ್ನ ಟೈರ್ ಮೇಲೆ 28 × 1.50 ಅಂತಲೂ ಇದೆ. ಅಪ್ಪನದರ ಮೇಲೆ 28 × 1½. ಲೆಕ್ಕದ ಪ್ರಕಾರ ಎರಡೂ ಒಂದೇ ಅಲ್ವಾ? ಸೈಕಲ್ ಟೈರ್‌ನಲ್ಲಿ ಒಂದಲ್ಲ. ನನ್ನದು 40-622, ಅಪ್ಪನದು 40-635. ಅಡ್ಡಗೆರೆಯ ನಂತರದ ಸಂಖ್ಯೆ ಅಂದರೆ ಟೈರ್ ಅಂಚು ರಿಮ್‌ನಲ್ಲಿ ಕೂರುವ ಜಾಗದ ವ್ಯಾಸ. 13 ಮಿ.ಮೀ. ವ್ಯತ್ಯಾಸ ಇದ್ದರೆ ಏನು ಮಾಡಿದರೂ ಕೂರುವುದಿಲ್ಲ. ಅಂಗಡಿಯಲ್ಲಿ ಇಂಚು ಹೇಳಬೇಡಿ, ಈ ಎರಡು ಸಂಖ್ಯೆಯನ್ನೇ ಹೇಳಿ.

ಟೈರ್‌ನ ಹಲ್ಲಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಹಲ್ಲು ಇರುವುದು ನಮ್ಮ ದಾರಿಗೆ ಸಾಕು. ದೊಡ್ಡ ಹಲ್ಲಿನ ಟೈರ್ ಡಾಂಬರಿನ ಮೇಲೆ ಗೊರ್ರ್ ಅಂತ ಸದ್ದು ಮಾಡುತ್ತಾ ಶಕ್ತಿ ತಿನ್ನುತ್ತದೆ. ಹಲ್ಲಿಗಿಂತ ಟೈರ್‌ನ ಮೈ ಮುಖ್ಯ. ಕೈಯಲ್ಲಿ ಹಿಡಿದು ಪಕ್ಕವನ್ನು ಚಿವುಟಿದರೆ ಮೆತ್ತಗೆ ಬಗ್ಗಬೇಕು. ದಪ್ಪ ರಬ್ಬರಿನ ಬಿರುಸು ಟೈರ್ ಎಷ್ಟೇ ಅಗಲ ಇದ್ದರೂ ಎತ್ತಿನ ಗಾಡಿಯಂತೆಯೇ ಓಡುತ್ತದೆ.

ಇನ್ನು ಗಾಳಿ. ನನ್ನ ಪ್ರಕಾರ ಅರ್ಧ ವಿದ್ಯೆ ಇರುವುದೇ ಇಲ್ಲಿ. ಅಗಲ ಟೈರ್ ಹಾಕಿ ಗಾಳಿಯನ್ನು ಮೊದಲಿನಷ್ಟೇ ಗಟ್ಟಿಯಾಗಿ ತುಂಬಿದರೆ ದುಡ್ಡು ದಂಡ. ನನಗೂ ಮೊದಲ ಸಲ ಒಂದು ಅಂಗಡಿಯಲ್ಲಿ ಟೈರ್ ಪಕ್ಕದಲ್ಲಿ ಬರೆದಿದ್ದ 75 ಪಿಎಸ್‌ಐ ಪೂರ್ತಿ ತುಂಬಿ ಕಳಿಸಿದರು. ಆ ಸಂಖ್ಯೆ ಇದಕ್ಕಿಂತ ಮೇಲೆ ಹೋಗಬೇಡಿ ಅನ್ನುವ ಗಡಿ, ಇಷ್ಟು ತುಂಬಿ ಅಂತ ಅಲ್ಲ.

ಒಂದು ಭಾನುವಾರ ಅಂಗಳದಲ್ಲಿ ಹಳೇ ಪೇಪರ್ ಹಾಸಿ, ಹಿಂದಿನ ಟೈರ್ ಒದ್ದೆ ಮಾಡಿ, ಗೋಡೆ ಹಿಡಿದು ಸೈಕಲ್ ಮೇಲೆ ಕೂತೆ. ಇಳಿದು ನೋಡಿದರೆ ಪೇಪರ್ ಮೇಲೆ ಟೈರ್‌ನ ಅಚ್ಚು. ನಾನು 74 ಕೆ.ಜಿ., ಸೈಕಲ್ಲೂ ಚೀಲವೂ ಸೇರಿ ಇನ್ನೊಂದು 15. ಅದರಲ್ಲಿ ಸುಮಾರು 50 ಕೆ.ಜಿ. ಹಿಂದಿನ ಚಕ್ರದ ಮೇಲೆ ಕೂರುತ್ತದೆ. 100 ಪಿಎಸ್‌ಐ ಅಂದರೆ ಚದರ ಸೆಂ.ಮೀ.ಗೆ ಸುಮಾರು 7 ಕೆ.ಜಿ., ಹಾಗಾಗಿ ನೆಲಕ್ಕೆ ತಾಗುವುದು 7 ಚದರ ಸೆಂ.ಮೀ. ಮಾತ್ರ. 45 ಪಿಎಸ್‌ಐಗೆ ಇಳಿಸಿದರೆ ಸುಮಾರು 16. ಏರಿಯ ಜಲ್ಲಿಯ ಮೇಲೆ ನನ್ನನ್ನು ಹಿಡಿದಿಟ್ಟುಕೊಳ್ಳುವುದು ಅಷ್ಟಗಲದ ಆ ಒದ್ದೆ ಗುರುತು. ಅದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಎಷ್ಟು ಇಳಿಸಬೇಕು? ಅಮೆರಿಕದ ಎಂಜಿನಿಯರ್ ಫ್ರಾಂಕ್ ಬರ್ಟೊ ಟೈರ್‌ಗಳನ್ನು ಅಳೆದು ಒಂದು ಲೆಕ್ಕ ಕೊಟ್ಟಿದ್ದಾರೆ: ಸವಾರ ಹತ್ತಿದಾಗ ಟೈರ್‌ನ ಎತ್ತರ ಶೇ. 15ರಷ್ಟು ತಗ್ಗಬೇಕು. ಹೆಂಡತಿಯ ಕೈಗೆ ಸ್ಕೇಲು ಕೊಟ್ಟು ರಿಮ್ ಅಂಚಿನಿಂದ ನೆಲದವರೆಗೆ ಅಳೆಸಿದೆ. ಹತ್ತದೆ ಇದ್ದಾಗ 39 ಮಿ.ಮೀ., ಹತ್ತಿದಾಗ 33. ಸರಿಯಾಗಿ 6 ಮಿ.ಮೀ. ತಗ್ಗುವ ಹಾಗೆ ಗಾಳಿ ಬಿಡುತ್ತಾ ಬಂದಾಗ ಹಿಂದೆ 45, ಮುಂದೆ 38 ಪಿಎಸ್‌ಐಗೆ ನಿಂತಿತು. ಮುಂದಿನ ಚಕ್ರಕ್ಕೆ ಭಾರ ಕಮ್ಮಿ, ಅದಕ್ಕೇ ಗಾಳಿಯೂ ಕಮ್ಮಿ. ನೀವು 55 ಕೆ.ಜಿ. ಇದ್ದರೆ ಇನ್ನೂ ಇಳಿಸಬಹುದು, 95 ಇದ್ದರೆ ಏರಿಸಬೇಕು. ಡಯಲ್ ಇರುವ ಪಂಪ್ ಒಂದನ್ನು ಕೊಳ್ಳಲೇಬೇಕು. ಹೆಬ್ಬೆರಳಲ್ಲಿ ಒತ್ತಿ ನೋಡುವುದು ಸಾಲದು. 40 ಪಿಎಸ್‌ಐಗೂ 55ಕ್ಕೂ ಬೆರಳಿಗೆ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ, ಬೆನ್ನಿಗೆ ಗೊತ್ತಾಗುತ್ತದೆ.

ಗಾಳಿ ಕಮ್ಮಿ ಆದರೆ ನಿಧಾನ ಆಗುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ನನಗೂ ಆ ಅನುಮಾನ ಇತ್ತು. ಬಡಾವಣೆಯ ಒಂದು ಇಳಿಜಾರಿನಲ್ಲಿ, ಗಾಳಿ ಬೀಸದ ಬೆಳಗ್ಗೆ, ಒಂದೇ ಕಂಬದಿಂದ ಪೆಡಲ್ ತುಳಿಯದೆ ಸೈಕಲ್ ಬಿಟ್ಟು, ಅದು ತಾನಾಗಿ ನಿಂತ ಕಡೆ ಸೀಮೆಸುಣ್ಣದ ಗೆರೆ ಎಳೆದೆ. ನುಣುಪು ಡಾಂಬರಿನಲ್ಲಿ 60ಕ್ಕೂ 45ಕ್ಕೂ ಗೆರೆಗಳು ಹೆಚ್ಚು ಕಮ್ಮಿ ಒಂದೇ ಕಡೆ ಬಿದ್ದವು. 30ಕ್ಕೆ ಇಳಿಸಿದಾಗ ಮಾತ್ರ ಬೇಗ ನಿಂತಿತು, ಟೈರ್‌ನ ಮೈ ಅತಿಯಾಗಿ ಬಗ್ಗಿ ಶಕ್ತಿ ಅಲ್ಲೇ ಹೋಗುತ್ತದೆ. ಕಿತ್ತ ರಸ್ತೆಯ ತುಂಡಿನಲ್ಲಿ ಇದೇ ಆಟ ಆಡಿದಾಗ ಮೊದಲು ನಿಂತದ್ದು 60! ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಸೈಕಲ್ಲನ್ನೂ ನನ್ನನ್ನೂ ಮೇಲಕ್ಕೆ ಎತ್ತಿ ಹಾಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ನಮ್ಮ ಮೈಯನ್ನು ಕುಲುಕಿ ಮುಗಿದುಹೋಗುತ್ತದೆ. ಊರಿನ ದಾರಿಯಲ್ಲಿ ಈಗ ನನಗೆ ಮೊದಲಿಗಿಂತ ಮೂರ್ನಾಲ್ಕು ನಿಮಿಷ ಕಮ್ಮಿಯೇ ಹಿಡಿಯುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಟೈರ್‌ನ ಹೆಚ್ಚುವರಿ ತೂಕ ಸ್ವಲ್ಪ ಗೊತ್ತಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ತುಳಿಯುವ ರೀತಿಯೂ ಬದಲಾಗಬೇಕು. ಏರಿಯ ಮೇಲೆ ಹ್ಯಾಂಡಲ್ ಬಿಗಿ ಹಿಡಿಯಬಾರದು. ಮೊಣಕೈ ಸಡಿಲ ಬಿಟ್ಟು, ಕಣ್ಣು ಹತ್ತು ಹದಿನೈದು ಅಡಿ ಮುಂದೆ ಇಟ್ಟು, ಪೆಡಲ್ ನಿಲ್ಲಿಸದೆ ಹಗುರ ಗೇರಿನಲ್ಲಿ ಹೋಗಬೇಕು. ಟೈರ್ ಅದರ ದಾರಿ ಅದೇ ಹುಡುಕಿಕೊಳ್ಳುತ್ತದೆ. ಸಡಿಲ ಜಲ್ಲಿಯಲ್ಲಿ ಮುಂದಿನ ಬ್ರೇಕ್ ಮುಟ್ಟುವುದೇ ಇಲ್ಲ, ವೇಗವನ್ನು ಮೊದಲೇ ಇಳಿಸಿರಬೇಕು.

ಕಬ್ಬು ಕಡಿಯುವ ಕಾಲದಲ್ಲಿ ಇನ್ನೊಂದು ಎಚ್ಚರ. ಟ್ರ್ಯಾಕ್ಟರ್‌ನಿಂದ ಬಿದ್ದ ಜಲ್ಲೆ ಚಕ್ರದ ಕೆಳಗೆ ಉರುಳೆಯಂತೆ ಉರುಳುತ್ತದೆ. ಅದನ್ನು ನೇರ ಅಡ್ಡಡ್ಡ ದಾಟಬೇಕು, ಓರೆಯಾಗಿ ದಾಟಿದರೆ ಯಾವ ಟೈರ್ ಇದ್ದರೂ ಬೀಳುತ್ತೀರಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿದ್ದರೆ ನಾನು ಇಳಿದು ತಳ್ಳುತ್ತೇನೆ. ಒಣ ಹುರುಳಿ ಸೊಪ್ಪು ಎಣ್ಣೆಯಷ್ಟೇ ಜಾರುತ್ತದೆ, ಜೊತೆಗೆ ಅದು ಯಾರದೋ ವರ್ಷದ ಬೆಳೆ.

ಪಂಚರ್ ನಿಂತಿಲ್ಲ, ಕಮ್ಮಿಯಾಗಿದೆ. ಗುಂಡಿಯ ಅಂಚಿಗೆ ಹೊಡೆದು ಟ್ಯೂಬ್‌ಗೆ ಅಕ್ಕಪಕ್ಕ ಎರಡು ತೂತು ಬೀಳುತ್ತಿತ್ತಲ್ಲ, ಅದು ಈಗ ಇಲ್ಲವೇ ಇಲ್ಲ. ಜಾಲಿ ಮುಳ್ಳಿಗೆ ಮಾತ್ರ ಯಾವ ಟೈರೂ ಸಮ. ಸರ್ವಿಸ್ ರಸ್ತೆಯಲ್ಲಿ ಮುಳ್ಳಿಗಿಂತ ಕೆಟ್ಟದ್ದು ಒಡೆದ ಲಾರಿ ಟೈರ್‌ನ ಕೂದಲಿನಷ್ಟು ಸಣ್ಣ ತಂತಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಅದಕ್ಕೆ ನನ್ನ ಚೀಲದಲ್ಲಿ ಸ್ವಲ್ಪ ಹತ್ತಿ ಇರುತ್ತದೆ. ಟೈರ್ ಒಳಗೆ ಹತ್ತಿಯನ್ನು ಸವರಿಕೊಂಡು ಹೋದರೆ ತಂತಿಯ ಮೊನೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಚಿಮುಟದಿಂದ ಕೀಳಬೇಕು. ತಂತಿ ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಒಂದು ಕಿ.ಮೀ. ಒಳಗೆ ಮತ್ತೆ ಅದೇ ಕಥೆ. ಟ್ಯೂಬ್‌ಲೆಸ್ ಮಾಡಿಸಿ ಅಂತ ಗೆಳೆಯರು ಹೇಳುತ್ತಾರೆ. ಅದರಲ್ಲಿ ಟ್ಯೂಬ್ ಬದಲು ಟೈರ್ ಒಳಗೆ ಹಾಕುವ, ತೂತು ಮುಚ್ಚುವ ದ್ರವ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಮತ್ತೆ ಮತ್ತೆ ಹಾಕಬೇಕು. ಹಳ್ಳಿ ದಾರಿಯಲ್ಲಿ ಟ್ಯೂಬ್ ಆದರೆ ಯಾವ ಸೈಕಲ್ ಶಾಪ್‌ನಲ್ಲೂ ಪ್ಯಾಚ್ ಹಾಕಿಕೊಡುತ್ತಾರೆ. ನಾನು ಟ್ಯೂಬ್‌ಗೇ ಅಂಟಿಕೊಂಡಿದ್ದೇನೆ.

ಈಗ ನನ್ನ ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿದೆ, ಒಂದು ಕಡೆ ಒಳಗಿನ ನೂಲೂ ಇಣುಕುತ್ತಿದೆ. ಮುಂದಿನದು ಇನ್ನೂ ಚೆನ್ನಾಗಿದೆ, ಅದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದೆ ಹಾಕುತ್ತೇನೆ. ಹಿಂದಿನ ಚಕ್ರ ಜಾರಿದರೆ ಕಾಲೂರಿ ನಿಲ್ಲಬಹುದು, ಮುಂದಿನದು ಜಾರಿದರೆ ಆಗುವುದಿಲ್ಲ. ಮಳೆ ಹಿಡಿದುಕೊಳ್ಳುವ ಮೊದಲು, ನಾಲೆಗೆ ನೀರು ಬಿಡುವಷ್ಟರಲ್ಲಿ ಈ ಕೆಲಸ ಮುಗಿಸಬೇಕು.