ಮೊಟಬಿಲಿಟಿ ಕಾರು: ನನ್ನ ಲೆಕ್ಕ ಕೂಡಿಬಂದದ್ದು ಹೇಗೆ

‘ಮೂರು ವರ್ಷ ಹನ್ನೆರಡು ಸಾವಿರ ಪೌಂಡ್ ಕಟ್ಟಿ ಕೊನೆಗೆ ಬರಿಗೈ.’ ಬ್ರಿಟನ್ನಿನಲ್ಲಿ ಮೊಟಬಿಲಿಟಿ ಯೋಜನೆಯ ಮಾತೆತ್ತಿದರೆ ಮೊದಲು ಕಿವಿಗೆ ಬೀಳುವುದು ಇದೇ. ಅಂಗವಿಕಲರು ತಮಗೆ ಬರುವ ಸರ್ಕಾರಿ ಸಂಚಾರ ಭತ್ಯೆಯನ್ನೇ ಕಂತಾಗಿ ಕೊಟ್ಟು, ವಿಮೆ, ಸರ್ವೀಸು, ಟೈರು, ಬ್ರೇಕ್‌ಡೌನ್ ನೆರವು ಎಲ್ಲ ಸೇರಿದ ಕಾರನ್ನು ಲೀಸಿಗೆ ಪಡೆಯುವ ಯೋಜನೆ ಅದು. ನನ್ನ ಮೊದಲ ಲೀಸಿನಲ್ಲಿ ಆ ಮಾತು ಹೆಚ್ಚುಕಡಿಮೆ ನಿಜವಾಯಿತು. ಎರಡನೆಯದರಲ್ಲಿ, ಹೊಸ ಕಾರನ್ನು ಸ್ವಂತಕ್ಕೆ ಕೊಳ್ಳುವುದಕ್ಕೆ ಹೋಲಿಸಿದರೆ, ಸುಮಾರು ಮೂರೂವರೆ ಸಾವಿರ ಪೌಂಡ್ ಉಳಿಯಿತು. ಯೋಜನೆ ಅದೇ, ಲೆಕ್ಕ ಹಾಕುವ ಕ್ರಮ ಮಾತ್ರ ಬೇರೆ.

ತಪ್ಪು ಶುರುವಾಗುವುದೇ ಗುಣಾಕಾರದಲ್ಲಿ. ಪಿಪ್ (ಅಂಗವಿಕಲರಿಗೆ ಸರ್ಕಾರ ಕೊಡುವ ಭತ್ಯೆ) ಎಂಬುದರ ಹೆಚ್ಚಿನ ದರದ ಸಂಚಾರ ಭಾಗ 2025-26ರಲ್ಲಿ ವಾರಕ್ಕೆ 77.05 ಪೌಂಡ್, ನಾಲ್ಕು ವಾರಕ್ಕೊಮ್ಮೆ 308.20. ಇದನ್ನು ತಿಂಗಳ ಕಂತೆಂದು 36ರಿಂದ ಗುಣಿಸುತ್ತಾರೆ. ವರ್ಷಕ್ಕೆ ಕಂತು 13, ಮೂರು ವರ್ಷಕ್ಕೆ 39. ಅಲ್ಲೇ ಒಂಬೈನೂರು ಪೌಂಡ್ ಕಣ್ಮರೆ. ಪೂರ್ತಿ ಭತ್ಯೆ ಕೊಡುವ ಕಾರಾದರೆ ಏಪ್ರಿಲ್‌ನಲ್ಲಿ ಭತ್ಯೆ ಏರಿದಂತೆ ಕಂತೂ ಏರುತ್ತದೆ.

ಎರಡನೇ ತಪ್ಪು ರಸ್ತೆ ತೆರಿಗೆ. ಲೀಸಿನಲ್ಲಿ ಅದು ಉಚಿತ ಎಂದು ಲಾಭದ ಕಡೆ ಬರೆಯುತ್ತಾರೆ. ಹೆಚ್ಚಿನ ದರದ ಭತ್ಯೆ ಇದ್ದವರಿಗೆ ಸ್ವಂತ ಕಾರಿಗೂ ಆ ವಿನಾಯಿತಿ ಸಿಗುತ್ತದೆ. ಎರಡೂ ಕಡೆಯಿಂದ ಹೊಡೆದುಹಾಕಿ.

ನನ್ನ ಹಾಳೆಯಲ್ಲಿ ಮೂರು ಸಾಲು. ಹೊಸ ಕಾರನ್ನು ಸ್ವಂತಕ್ಕೆ ಕೊಂಡರೆ ಮೂರು ವರ್ಷದಲ್ಲಿ ಬೆಲೆಯ ಇಳಿಕೆ 9,500, ಹರೆಯದ ಚಾಲಕನನ್ನೂ ಸೇರಿಸಿದ ವಿಮೆ 3,900, ಸರ್ವೀಸು ಮತ್ತು ಟೈರು 1,200, ಬ್ರೇಕ್‌ಡೌನ್ ನೆರವು 300, ಪೆಡಲಿನ ಬದಲು ಕೈಯಿಂದ ಓಡಿಸುವ ಕೈ ನಿಯಂತ್ರಣ 700. ಒಟ್ಟು 15,600ರ ಆಸುಪಾಸು. ಐದು ವರ್ಷ ಹಳೆಯ ಕಾರಾದರೆ 10,600. ಭತ್ಯೆಯ ಮೇಲೆ ಕೈಯಿಂದ ಕೊಡುವ ಮುಂಗಡವಿಲ್ಲದ ಲೀಸು 12,000. ಅಂದರೆ ನಂಬಿಕಸ್ತ ಮೆಕ್ಯಾನಿಕ್ ಇದ್ದರೆ ಹಳೆಯ ಕಾರೇ ಅಗ್ಗ. ಐವತ್ತು ದಾಟಿದ, ಕ್ಲೇಮು ಮಾಡದ ಒಬ್ಬನೇ ಚಾಲಕ ಹಳೆಯ ಕಾರಿನ ವಿಮೆಗೆ ವರ್ಷಕ್ಕೆ 500 ಕೊಡುವಂತಿದ್ದರೆ ಲೀಸಿನ ಗೊಡವೆಯೇ ಬೇಡ. ಎಲ್ಲವನ್ನೂ ತೀರ್ಮಾನಿಸುವುದು ವಿಮೆ. ಕಾರಿನ ಮಾದರಿ ಆರಿಸುವ ಮೊದಲೇ ವಿಮೆಯ ಕೊಟೇಶನ್ ತೆಗೆಸಿ.

ಮೊದಲ ಲೀಸು ಕೆಟ್ಟದ್ದು ಮುಂಗಡದಿಂದ. ದೊಡ್ಡ ಬೂಟಿನ (ಕಾರಿನ ಹಿಂದಿನ ಡಿಕ್ಕಿಯ) ಆಸೆಗೆ 2,500 ಕೊಟ್ಟೆ. ಅದು ಠೇವಣಿಯಲ್ಲ, ಲೀಸು ಮುಗಿದಾಗ ವಾಪಸು ಬರುವುದಿಲ್ಲ. ಆ ಬೂಟಾದರೂ ಉಪಯೋಗಕ್ಕೆ ಬಂತೇ? ಕರಪತ್ರದಲ್ಲಿ ಲೀಟರ್ ನೋಡಿದ್ದೆ, ಬೂಟಿನ ಬಾಯಿ ಅಳೆದಿರಲಿಲ್ಲ. ಮಡಚಲಾಗದ ಚೌಕಟ್ಟಿನ ವೀಲ್‌ಚೇರ್ ಚಕ್ರ ಬಿಚ್ಚಿದರೂ ಮೇಲಂಚಿಗೆ ತಾಗಿತು. ಅಳೆಯಬೇಕಾದ್ದು ಬಾಯಿಯ ಎತ್ತರ, ಅತಿ ಕಿರಿದಾದ ಜಾಗದ ಅಗಲ, ನೆಲದಿಂದ ಹೊಸ್ತಿಲಿನ ಎತ್ತರ. ಕುರ್ಚಿಯನ್ನು ಎತ್ತಿ ಒಳಗಿಡುವ ಹಾಯ್ಸ್ಟ್ ಕೂರಿಸುವುದಾದರೆ ಅದರ ಕಂಬಕ್ಕೂ ಜಾಗ ಬಿಡಬೇಕು. ಈಗ ರಟ್ಟಿನಲ್ಲಿ ಕುರ್ಚಿಯ ಆಕಾರ ಕತ್ತರಿಸಿ ಶೋರೂಮಿಗೆ ಒಯ್ಯುತ್ತೇನೆ.

ಮೊದಲ ಲೀಸಿನ ಇನ್ನೊಂದು ತಪ್ಪು ಕೈ ನಿಯಂತ್ರಣ. ತಳ್ಳಿದರೆ ಬ್ರೇಕ್, ಎಳೆದರೆ ವೇಗ ಬರುವ ಸಾಮಾನ್ಯ ನಮೂನೆ. ಆರ್ಡರಿನ ಜೊತೆಗೇ ಕೇಳಿದ್ದರೆ ಅದಕ್ಕೆ ಹಣ ಬೀಳುತ್ತಿರಲಿಲ್ಲ. ಕಾರು ಬಂದ ಮೇಲೆ ಕೇಳಿದ್ದಕ್ಕೆ ಕೈಯಿಂದಲೇ ತೆತ್ತೆ. ಹಾಕಿಸುವ ಮೊದಲು ಸೀಟಿನಲ್ಲಿ ಕುಳಿತು, ಸನ್ನೆಗೋಲು ಬರುವ ಕಡೆ ಮೊಣಕಾಲಿಗೆ ಎರಡು ಬೆರಳು ಅಂತರವಿದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಕಾಲಿಗೆ ತಾಗುತ್ತದೆ.

ಎರಡನೆಯ ಸಲ ಮುಂಗಡ ಸೊನ್ನೆ ಇರುವ ಆಟೋಮ್ಯಾಟಿಕ್‌ಗಳನ್ನಷ್ಟೇ ನೋಡಿದೆ. ದರಪಟ್ಟಿ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ; ಈ ಸಲ 1,200 ಕೇಳಿದ ಕಾರು ಮುಂದಿನ ಪಟ್ಟಿಯಲ್ಲಿ ಸೊನ್ನೆಗೆ ಇಳಿದದ್ದನ್ನು ನೋಡಿದ್ದೇನೆ. ಆರ್ಡರ್ ಹಾಕಲು ನಾನು ಆರಿಸುವ ವಾರ ಯಾವುದು, ಡೀಲರ್ ಬಳಿ ಮೊದಲು ಕೇಳುವ ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಲೀಸು ಮುಗಿದಾಗ ನನ್ನ ಅಂದಾಜಿಗೂ ನಿಜವಾದ ಖರ್ಚಿಗೂ ಇನ್ನೂರು ಪೌಂಡ್ ವ್ಯತ್ಯಾಸವೂ ಇರಲಿಲ್ಲ.

ನಡುವೆ ಎಲೆಕ್ಟ್ರಿಕ್ ಕಾರನ್ನೂ ನೋಡಿದೆ. ಮನೆಯ ಮುಂದೆ ಸ್ವಂತ ಜಾಗವಿದ್ದರೆ ಚಾರ್ಜರ್ ಹಾಕಿಕೊಡುತ್ತಾರೆ, ಒಳ್ಳೆಯ ವ್ಯವಹಾರ. ಫ್ಲ್ಯಾಟಿನಲ್ಲಿದ್ದರೆ ಸಾರ್ವಜನಿಕ ಚಾರ್ಜರೇ ಗತಿ. ಮನೆಯ ವಿದ್ಯುತ್ತಿಗೆ ವ್ಯಾಟ್ 5%, ಅಲ್ಲಿ 20%. ದುಡ್ಡಿಗಿಂತ ತೊಡಕಾದದ್ದು ಕೇಬಲ್ ಭಾರ, ಮತ್ತು ಚಾರ್ಜರಿನ ಸುತ್ತ ಕಟ್ಟಿದ ಕಟ್ಟೆ. ಗಾಲಿಕುರ್ಚಿಯಲ್ಲಿ ಕೂತವರ ಕೈ ಪ್ಲಗ್ಗಿಗೆ ಎಟುಕುವುದಿಲ್ಲ. ಸಾರ್ವಜನಿಕ ಚಾರ್ಜರ್ ಅಂಗವಿಕಲರಿಗೂ ಎಟುಕುವಂತಿರಲು 2022ರಲ್ಲೇ ಪಾಸ್ 1899 ಎಂಬ ಮಾನದಂಡ ಬಂದಿದೆ, ಅದರಂತೆ ಕಟ್ಟಿದ್ದು ನನಗೆ ಕಂಡದ್ದು ಅಪರೂಪ.

ಕರ್ನಾಟಕದಿಂದ ಬಂದವರು ತುಂಬ ಕೇಳುವ ಮಾತೊಂದಿದೆ: ನಮಗೂ, ನಮ್ಮ ತಂದೆತಾಯಿಗೂ ಈ ಕಾರು ಸಿಗುತ್ತದೆಯೇ? ಸರ್ಕಾರಿ ನೆರವಿಗೆ ಅವಕಾಶವಿಲ್ಲವೆಂದು ವೀಸಾದಲ್ಲಿ ಬರೆದಿದ್ದರೆ ಪಿಪ್ ಕೇಳುವಂತಿಲ್ಲ. ಕಾಯಂ ವಾಸದ ಹಕ್ಕು ಸಿಕ್ಕ ಮೇಲೂ ಸಾಮಾನ್ಯವಾಗಿ ಹಿಂದಿನ 156 ವಾರಗಳಲ್ಲಿ 104 ವಾರ ಇಲ್ಲಿದ್ದಿರಬೇಕು. ಸರ್ಕಾರಿ ಪಿಂಚಣಿಯ ವಯಸ್ಸು ದಾಟಿದ ತಂದೆತಾಯಿಗೆ ಹೊಸದಾಗಿ ಪಿಪ್ ಸಿಗದು. ಅವರಿಗಿರುವ ಅಟೆಂಡೆನ್ಸ್ ಅಲವೆನ್ಸ್‌ನಲ್ಲಿ ಸಂಚಾರದ ಭಾಗವೇ ಇಲ್ಲ, ಆದ್ದರಿಂದ ಕಾರೂ ಇಲ್ಲ. ಭತ್ಯೆ ಇರುವವರಿಗೂ ಲೀಸು ಶುರುವಾಗುವಾಗ ಕನಿಷ್ಠ 12 ತಿಂಗಳ ಅವಧಿ ಬಾಕಿ ಇರಬೇಕು. ಮರುಪರಿಶೀಲನೆ ಹತ್ತಿರವಿದ್ದರೆ ಮುಂಗಡ ಕೊಡುವ ಕಾರಿಗೆ ಕೈ ಹಾಕಬೇಡಿ.

2025ರ ನವೆಂಬರ್ ಬಜೆಟ್ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿದೆ. 2026ರ ಜುಲೈ 1ರಿಂದ ಹೊಸ ಲೀಸುಗಳ ಮುಂಗಡಕ್ಕೆ 20% ವ್ಯಾಟ್, ವಿಮೆಗೆ ತೆರಿಗೆ. ವೀಲ್‌ಚೇರ್ ಅಥವಾ ಸ್ಟ್ರೆಚರ್ ಬಳಸುವವರಿಗೆಂದೇ ತಯಾರಿಸಿದ, ಇಲ್ಲವೇ ದೊಡ್ಡ ಮಟ್ಟದಲ್ಲಿ ಕಾಯಂ ಆಗಿ ಮಾರ್ಪಡಿಸಿದ ವಾಹನಗಳಿಗಷ್ಟೇ ವಿನಾಯಿತಿ. 2,500ರ ಮುಂಗಡ 3,000 ಆಗುತ್ತದೆ. ಸೊನ್ನೆ ಮುಂಗಡದ ಕಾರಿಗೆ ಆ ವ್ಯಾಟಿನ ಏಟು ಬೀಳದು. ಮೂರನೆಯ ಲೀಸಿಗೆ ನಾನು ನೋಡುತ್ತಿರುವುದು ಅವನ್ನೇ.